ವಿಮಾನದಲ್ಲಿ ಮರಸು ಕೂತ ಅಪ್ಪ

"ವಿಮಾನದಲ್ಲೂ ಇಂಬಳ ಇರ್ತದಾ ಮಾರಾಯ?"

ಮೊಣಕಾಲಿನ ತನಕ ಬರೋ ಬಿಗಿ ಕಾಲುಚೀಲ ಕೈಗೆ ಕೊಟ್ಟಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ನಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೋ ಕಾಡಿಗೋ ಹೋಗುವಾಗ ಇಂಬಳ ಹತ್ತದೇ ಇರಲಿ ಅಂತ ಹೆಚ್ಚು ಕಡಿಮೆ ಇಂಥದ್ದೇ ಚೀಲ ಹಾಕ್ಕೊಳ್ತಾರೆ. ಇದು ಇಂಬಳಕ್ಕಲ್ಲ ಅಪ್ಪಾ, ಗಂಟೆಗಟ್ಟಲೆ ಕೂತ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೆ ಅಂದೆ. "ನಾನು ರಾತ್ರಿಯಿಡೀ ಮರಸಿಗೆ ಕೂತವ. ಎಂಥ ಹೆಪ್ಪೂ ಗಟ್ಟಲಿಲ್ಲ" ಅಂದ. ಆದ್ರೂ ಹಾಕ್ಕೊಂಡ. ಹೊಸ ವಸ್ತು, ಮೇಲಾಗಿ ಮಗ ತಂದಿದ್ದು.

ಕಥೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ. 2023ರ ನವರಾತ್ರಿ ಸಮಯದಲ್ಲಿ ಅಮ್ಮ ಹೋದಳು. ಆಮೇಲೆ ಎನ್.ಆರ್.ಪುರದ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪ ಒಬ್ಬನೇ. ವಾರಕ್ಕೆರಡು ಸಲ ನಾನು ಅಡಿಲೇಡಿನಿಂದ ಫೋನ್ ಮಾಡೋದು, "ಊಟ ಆಯ್ತಾ" ಅನ್ನೋದು, ಆ ಕಡೆಯಿಂದ "ಹ್ಞೂ, ಆಯ್ತು", ಆಮೇಲೆ ಅಡಿಕೆ ರೇಟು, ಮಳೆ, ಅಷ್ಟೇ. ಅಮ್ಮ ಇದ್ದಾಗ ನಮ್ಮಿಬ್ಬರ ಮಾತನ್ನ ಅವಳೇ ಆಡಿ ಮುಗಿಸ್ತಿದ್ದಳು ಅಂತ ಆಗ ಗೊತ್ತಾಯ್ತು.

ನಮ್ಮ ಆಫೀಸಿನಲ್ಲಿ ಒಬ್ಬ ಇದ್ದಾನೆ. ಅವನನ್ನ ಇಲ್ಲಿ ಸಾಹೇಬ ಅಂತಿರ್ತೀನಿ. ಸಾಹೇಬ ಮೂಲತಃ ಕ್ವೀನ್ಸ್‌ಲ್ಯಾಂಡಿನವ. ಟೌನ್ಸ್‌ವಿಲ್‌ನಿಂದ ನೂರಮೂವತ್ತು ಚಿಲ್ಲರೆ ಕಿಲೋಮೀಟರ್ ಒಳಗೆ ಚಾರ್ಟರ್ಸ್ ಟವರ್ಸ್ ಅಂತ ಚಿನ್ನದ ಗಣಿಯ ಹಳೇ ಊರು. ಅದರಾಚೆ ಅವನ ಅಕ್ಕನ ದನದ ಫಾರ್ಮು. ಪ್ರತೀ ಚಳಿಗಾಲಕ್ಕೆ ಅಲ್ಲಿಗೆ ಶಿಕಾರಿಗೆ ಹೋಗ್ತಾನೆ. ಒಂದು ದಿನ ಊಟದ ಹೊತ್ತಲ್ಲಿ ಅವನು ಫೋಟೋ ತೋರಿಸ್ದಾಗ ನಾನು ಬಾಯಿಗಿಟ್ಟ ಚಮಚ ಹಾಗೇ ಹಿಡ್ಕೊಂಡಿದ್ದೆ. ಕೆಂಪು ಮೈ, ಬಿಳಿ ಚುಕ್ಕೆ, ಕವಲು ಕೊಂಬು. ಅಪ್ಪಟ ನಮ್ಮ ಭದ್ರಾ ಕಾಡಿನ ಚುಕ್ಕೆ ಜಿಂಕೆ!

1886ರಲ್ಲಿ ವಿಲಿಯಂ ಹಾನ್ ಅನ್ನೋ ಜಮೀನುದಾರ ತನ್ನ ಮೇರಿವೇಲ್ ಸ್ಟೇಷನ್ನಿನಲ್ಲಿ ಬೆರಳೆಣಿಕೆಯಷ್ಟು ಜಿಂಕೆ ತಂದು ಬಿಟ್ಟನಂತೆ. ಅವುಗಳ ಸಂತಾನ ಈಗ ಆ ಸೀಮೆ ತುಂಬಾ ಹರಡಿದೆ. ದನಕ್ಕೆ ಹುಲ್ಲು ಉಳಿಸೋದಿಲ್ಲ ಅಂತ ಸರ್ಕಾರ ಅದನ್ನ ಪೀಡೆ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. ಜಮೀನಿನ ಯಜಮಾನ ಒಪ್ಪಿದ್ರೆ, ಲೈಸೆನ್ಸ್ ಇದ್ದವರು ಹೊಡೀಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬಂದಾಗ ಅಪ್ಪನಿಗೆ ಹನ್ನೆರಡು ವರ್ಷ. ಅಜ್ಜನ ಜೊತೆ ಮರಸಿಗೆ ಕೂತು ಶಿಕಾರಿ ಕಲೀತಿದ್ದ ಹುಡುಗ. ಮರಸು ಅಂದ್ರೆ, ಗೊತ್ತಿಲ್ಲದವರಿಗೆ, ಪ್ರಾಣಿ ಓಡಾಡೋ ದಾರಿಯಲ್ಲೋ ಹಣ್ಣು ಉದುರೋ ಮರದ ಹತ್ತಿರವೋ ಮರೆಯಾಗಿ ಅಲ್ಲಾಡದೆ ಕಾಯೋದು. ಆಮೇಲೆ ಅಜ್ಜನ ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಮನೆಯಲ್ಲೇ ಉಳೀತು. ಪ್ರತೀ ಚುನಾವಣೆಗೂ ಅದನ್ನ ಸ್ಟೇಷನ್ನಿಗೆ ಹೊತ್ತು ಕೊಟ್ಟು, ಮುಗಿದ ಮೇಲೆ ಹೊತ್ತು ತರೋದೇ ಅದರ ಈಗಿನ ಶಿಕಾರಿ.

ಅಪ್ಪನಿಗೆ ಫೋನಲ್ಲಿ ಈ ಫೋಟೋ ಕಳ್ಸಿದೆ. ಅವತ್ತು ಮೊದಲ ಸಲ ಅಡಿಕೆ ರೇಟಿಲ್ಲದೆ ನಲವತ್ತು ನಿಮಿಷ ಮಾತಾಡಿದ್ವಿ. ಸಾಹೇಬನ್ನ ಕೇಳ್ದೆ, ಅವನು ಕರ್ಕೊಂಡು ಬಾ ಅಂದ.

(ಸಸ್ಯಾಹಾರಿ ಓದುಗರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ. ನಾನೂ ಶಿಕಾರಿಯವನಲ್ಲ. ಇಲಿ ಹಿಡಿಯೋ ಬೋನಿಗೂ ಹೆದರೋನು.)

"ಕೋವಿ ತರ್ಲಾ?" ಅಂತ ಕೇಳಿದ ಅಪ್ಪ. 2024ರ ಲೋಕಸಭಾ ಚುನಾವಣೆಗೆ ಸ್ಟೇಷನ್ನಿಗೆ ಹೋಗಿದ್ದ ಕೋವಿ ಆಗಷ್ಟೇ ಮನೆಗೆ ಬಂದಿತ್ತು. ಬೇಡ ಅಂದೆ. 1996ರಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ ಮನುಷ್ಯ 35 ಜನರನ್ನ ಕೊಂದ ಮೇಲೆ ಈ ದೇಶದಲ್ಲಿ ಕೋವಿ ಕಾನೂನು ಭಾರೀ ಬಿಗಿ. ಹೊರಗಿಂದ ತರೋಕೆ ಬೇರೆ ಪರವಾನಗಿ, ಹಿಡಿಯೋಕೆ ಬೇರೆ ಪರವಾನಗಿ. ನೀನು ಸುಮ್ನೆ ಜೊತೆಗೆ ಬರೋದು, ಹೊಡಿಯೋದು ಸಾಹೇಬ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ "ಅಡ್ಡಿಲ್ಲ. ಅಪ್ಪಯ್ಯನ ಜೊತೆಗೂ ನಾನು ಸುಮ್ನೇ ಕೂತಿದ್ದು" ಅಂದ.

ನಾನು ರಜೆ ಹಾಕಿ ಊರಿಗೆ ಹೋದೆ, ಕರ್ಕೊಂಡು ಬರೋಕೆ. ಅಪ್ಪ ಅಲ್ಲಿಯವರೆಗೆ ವಿಮಾನ ಹತ್ತಿದವನಲ್ಲ. ಸಾಫ್ಟ್‌ವೇರ್ ಮನುಷ್ಯ ಏನ್ ಮಾಡ್ತಾನೆ? ಎಕ್ಸೆಲ್ ಶೀಟ್ ಮಾಡ್ದೆ. ಯಾವ ಗಂಟೆಗೆ ನೀರು, ಯಾವ ಗಂಟೆಗೆ ನಡಿಗೆ, ಯಾವಾಗ ನಿದ್ದೆ. ಪರ್ತಿನಲ್ಲಿರೋ ನನ್ನ ಗೆಳೆಯ ಅಲ್ಲಿಂದ ಲಂಡನ್ನಿಗೆ 2018ರಲ್ಲಿ ಶುರುವಾದ ಹದಿನೇಳು ಗಂಟೆಯ ನೇರ ವಿಮಾನದಲ್ಲಿ ಹೋಗಿ ಬಂದವ, ಅವನದ್ದೂ ಸಲಹೆ ತಗೊಂಡೆ. ಬೆಂಗಳೂರಿನಿಂದ ಸಿಡ್ನಿಗೆ 2022ರ ಸೆಪ್ಟೆಂಬರಿನಲ್ಲಿ ನೇರ ವಿಮಾನ ಶುರುವಾಗಿತ್ತು, ಸುಮಾರು ಹನ್ನೆರಡು ಗಂಟೆ. ಅದು ಬೇಡ, ಅಪ್ಪನಿಗೆ ನಡುವೆ ನೆಲ ಸಿಗ್ಲಿ ಅಂತ ಸಿಂಗಾಪುರದ ದಾರಿ ಹಿಡಿದೆ. ಮೊದಲು ನಾಲ್ಕೂವರೆ ಗಂಟೆ, ಆಮೇಲೆ ಅಡಿಲೇಡಿಗೆ ಏಳು.

ಶೀಟಿನಲ್ಲಿ ಇಲ್ಲದ್ದು ಬೆಂಗಳೂರಲ್ಲೇ ಶುರುವಾಯ್ತು. ದೊಡ್ಡ ಪೆಟ್ಟಿಗೆ ಬೆಲ್ಟಿನ ಮೇಲೆ ಹೋಗ್ತಿದ್ದ ಹಾಗೇ ಅಪ್ಪ, "ಅದು ನಮ್ ಜೊತೆಗೇ ಬರ್ತದಾ?" ಬರತ್ತೆ ಅಪ್ಪಾ. "ಸಿಂಗಾಪುರದಲ್ಲಿ ಯಾರು ಇಳಿಸ್ತಾರೆ?" ಅವರೇ ಬದಲಾಯಿಸ್ತಾರೆ. "ಅವರಿಗೆ ನಮ್ದು ಅಂತ ಹೆಂಗೆ ಗೊತ್ತಾಗ್ತದೆ?" ಚೀಟಿ, ಗೆರೆ ಗೆರೆ ಗುರುತು, ಕಂಪ್ಯೂಟರು ಎಲ್ಲಾ ವಿವರಿಸಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ಸಿಂಗಾಪುರದಲ್ಲಿ ಮತ್ತೆ. ಆ ಪೆಟ್ಟಿಗೆಯಲ್ಲಿ ಇದ್ದಿದ್ದು ನಾಲ್ಕು ಪಂಚೆ, ಸ್ವೆಟರು, ಬೂಟು, ಉಪ್ಪಿನಕಾಯಿ. ನನಗೆ ಒಂದು ಹಂತದಲ್ಲಿ ಸಿಟ್ಟೇ ಬಂತು. "ಹೋದ್ರೆ ಹೋಗ್ಲಿ ಬಿಡಪ್ಪಾ, ಬೇರೆ ತಗೊಂಡ್ರಾಯ್ತು" ಅಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿ ಆಮೇಲೆ ಕೇಳಲೇ ಇಲ್ಲ.

ಸಿಂಗಾಪುರ ಬಿಟ್ಟಾಗ ರಾತ್ರಿ. ಅಪ್ಪನಿಗೆ ಬೇಕಂತಲೇ ನಡುದಾರಿ ಪಕ್ಕದ ಸೀಟು ಹಿಡಿದಿದ್ದೆ, ಎದ್ದು ಓಡಾಡೋಕೆ ಅನುಕೂಲ ಅಂತ. ಬೆಲ್ಟ್ ಹಾಕಿ ಎರಡೂ ಕೈ ತೊಡೆ ಮೇಲಿಟ್ಟು ಕೂತ ನೋಡಿ, ಮುಗೀತು. ಸಿನಿಮಾ ಬೇಡ. ಊಟದಲ್ಲಿ ಎರಡು ತುತ್ತು. ನೀರು ಕೊಟ್ರೆ ತುಟಿ ಒದ್ದೆ ಮಾಡಿ ವಾಪಸ್. ಕಣ್ಣು ಅರ್ಧ ಮುಚ್ಚಿದೆ, ಆದ್ರೆ ನಿದ್ದೆಯಲ್ಲ. ಯಾರೋ ನಾಲ್ಕು ಸಾಲು ಹಿಂದೆ ಕೆಮ್ಮಿದ್ರೆ ಕಿವಿ ಅಲ್ಲಿಗೆ ಹೋಗತ್ತೆ, ತಲೆ ತಿರುಗಲ್ಲ. ಆಗ ಹೊಳೀತು ನನಗೆ. ಅಪ್ಪ ಮರಸು ಕೂತಿದ್ದಾನೆ! ಎದ್ದರೆ ಶಬ್ದ ಆಗತ್ತೆ, ನೀರು ಕುಡಿದ್ರೆ ಏಳಬೇಕಾಗತ್ತೆ, ಮಾತಾಡಿದ್ರೆ ಮಿಗ ಓಡತ್ತೆ.

ಬೇರೆಯವರಾಗಿದ್ರೆ ಎಂಥಾ ಅದ್ಭುತ ಪ್ರಯಾಣಿಕ ಅನ್ನಬಹುದಿತ್ತು. ಸುತ್ತ ಮುತ್ತ ಎಲ್ಲಾ ಒದ್ದಾಡ್ತಿದ್ರು, ನಾನಂತೂ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಕಷ್ಟ ಏನಂದ್ರೆ ಕಾಡಿನಲ್ಲಿ ಸರಿ ಇರೋದೆಲ್ಲ ವಿಮಾನದಲ್ಲಿ ತಪ್ಪು. ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರೋವಷ್ಟು. ಅಂದ್ರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಏಳು ಗಂಟೆ ಕೂತ ಲೆಕ್ಕ. ಆದ್ರೆ ಮುಳ್ಳಯ್ಯನಗಿರಿಯ ಮಂಜು ಇಲ್ಲ, ತೇವಾಂಶ ನೂರಕ್ಕೆ ಹತ್ತೋ ಇಪ್ಪತ್ತೋ. ಕಾಲಿನಿಂದ ರಕ್ತ ಮೇಲಕ್ಕೆ ತಳ್ಳೋದು ಮೀನಖಂಡ. ಅದು ಅಲ್ಲಾಡದಿದ್ರೆ ರಕ್ತ ಅಲ್ಲೇ ಮಡುಗಟ್ಟತ್ತೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದ್ರೆ ಈ ಹೆಪ್ಪಿನ ಅಪಾಯ ಎರಡು ಪಟ್ಟು. ಹಾಗಂತ ಹೆದರೋದೂ ಬೇಡ, ಆರು ಸಾವಿರಕ್ಕೆ ಒಬ್ಬರಿಗೆ ಆಗಬಹುದು ಅಷ್ಟೇ. ಆದರೆ ಪಕ್ಕದಲ್ಲಿ ಕೂತಿರೋದು ನಿಮ್ಮಪ್ಪ, ವಯಸ್ಸು 64, ಇರೋದು ಒಬ್ಬನೇ ಅಪ್ಪ ಅಂದಾಗ ಆರು ಸಾವಿರ ಅನ್ನೋದು ಅಷ್ಟೇನೂ ದೊಡ್ಡ ಸಂಖ್ಯೆ ಅನ್ನಿಸಲ್ಲ.

"ಅಪ್ಪಾ, ಏಳು, ಒಂದು ಸುತ್ತು ನಡೆಯೋಣ."

"ಶ್... ಎಲ್ಲ ಮಲಗಿದಾರೆ."

"ನೀರಾದ್ರೂ ಕುಡಿ."

"ಬೇಡ ಮಾರಾಯ."

ಕೊನೆಗೆ ಪಾದವನ್ನಾದ್ರೂ ಮೇಲೆ ಕೆಳಗೆ ಆಡಿಸು ಅಂದೆ. ಎರಡು ಸಲ ಆಡಿಸಿದ, ನನ್ನ ಸಮಾಧಾನಕ್ಕೆ. ನಾನು ಸಿಟ್ಟಲ್ಲಿ ಒಬ್ಬನೇ ಎದ್ದು ಹಿಂದಿನ ಅಡುಗೆ ಕೋಣೆ ತನಕ ಹೋಗಿ ಬಂದೆ. ವಾಪಸ್ ಬಂದಾಗಲೂ ಅದೇ ಭಂಗಿ. ರಾತ್ರಿ ಎರಡೋ ಮೂರೋ ಗಂಟೆ, ಯಾವ ದೇಶದ ಗಂಟೆ ಅಂತ ಕೇಳಬೇಡಿ, ಅಪ್ಪ ಇದ್ದಕ್ಕಿದ್ದ ಹಾಗೆ "ನಿನ್ನಮ್ಮ ಆಗಿದ್ರೆ ಇಷ್ಟೊತ್ತಿಗೆ ಇಡೀ ವಿಮಾನದವರ ಮನೆ ವಿಚಾರ ತಿಳ್ಕೊಂಡಾಗ್ತಿತ್ತು" ಅಂದ. ನಾನು ನಕ್ಕೆ. ಅಪ್ಪ ನಗಲಿಲ್ಲ.

ಇಳಿಯೋ ಮುಂಚೆ ಕಿತ್ತಳೆ ಬಣ್ಣದ ಚೀಟಿ ಕೊಡ್ತಾರೆ. ತಿನ್ನೋ ಪದಾರ್ಥ ಇದೆಯಾ, ಬೀಜ ಇದೆಯಾ, ಮೂವತ್ತು ದಿನದಲ್ಲಿ ತೋಟ-ಗದ್ದೆ, ದನಕರು, ಕಾಡು, ಹೊಳೆ ಮುಟ್ಟಿದ್ದೀರಾ ಅಂತ. ಅಪ್ಪನ ಬದುಕು ಇರೋದೇ ಅಷ್ಟರಲ್ಲಿ. ಎಲ್ಲದಕ್ಕೂ ಹೌದು ಅಂತ ಗುರುತು ಹಾಕಿದೆ. ಇದೊಂದು ಮಾತು ಅಪ್ಪ ಅಮ್ಮನನ್ನ ಕರೆಸೋ ಎಲ್ಲರಿಗೂ ಹೇಳ್ತೀನಿ, ಮುಚ್ಚಿಡಬೇಡಿ. ಹೌದು ಅಂದವರಿಗೆ ಒಂದು ಸಾಲು ಜಾಸ್ತಿ, ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ದಂಡ.

ಪೆಟ್ಟಿಗೆ ಬಂತು. ಬೆಲ್ಟಿನ ಮೇಲೆ ಅದನ್ನ ಕಂಡಾಗ ಅಪ್ಪನ ಮುಖ ನೋಡಬೇಕಿತ್ತು ನೀವು.

ತಪಾಸಣೆಯ ಮೇಜಿನ ಹಿಂದೆ ಒಬ್ಬ ಹೆಂಗಸು. ಮೊದಲು ಬೂಟು. ನಾನು ಊರಲ್ಲೇ ತೊಳ್ಸಿದ್ದೆ, ಆದ್ರೂ ಅಡಿಯ ಗೆರೆಗಳಲ್ಲಿ ಕೆಂಪು ಮಣ್ಣು ಉಳಿದಿತ್ತು. ಆಕೆ ಅದನ್ನ ಒಳಗೆ ತಗೊಂಡು ಹೋಗಿ ಚೆನ್ನಾಗಿ ಉಜ್ಜಿ ತಂದ್ರು. ಅಪ್ಪನಿಗೆ ಮುಜುಗರ, ಪರದೇಶದ ಹೆಂಗಸು ತನ್ನ ಬೂಟು ತೊಳೆಯೋದಾ ಅಂತ. ಈ ದೇಶಕ್ಕೆ 1872ರಿಂದ ಈಚೆಗೆ ಕಾಲುಬಾಯಿ ಜ್ವರ ಬಂದಿಲ್ಲ ಅಪ್ಪಾ, ಮಣ್ಣಲ್ಲಿ ಬರಬಾರದು ಅಂತ ಇಷ್ಟೆಲ್ಲ ಅಂದೆ. ಅಪ್ಪ ತಕ್ಷಣ "ಹಾಗಾದ್ರೆ ತೊಳೀಲಿ, ಚೆನ್ನಾಗಿ ತೊಳೀಲಿ" ಅಂದ. ಕಾಲುಬಾಯಿ ಜ್ವರದಲ್ಲಿ ಕೊಟ್ಟಿಗೆಯೇ ಮಲಗಿದ್ದನ್ನ ಕಂಡವನಿಗೆ ಆಸ್ಟ್ರೇಲಿಯಾದ ಕಾನೂನು ನನಗಿಂತ ಬೇಗ ಅರ್ಥ ಆಯ್ತು.

ಆಮೇಲೆ ಪಂಚೆಗಳ ನಡುವಿನಿಂದ ಒಂದು ಸ್ಟೀಲ್ ಡಬ್ಬಿ ಬಂತು. ನನಗೆ ಗೊತ್ತೇ ಇಲ್ಲದ ಡಬ್ಬಿ. ಮುಚ್ಚಳದ ಸುತ್ತ ಬಟ್ಟೆ, ಅದರ ಮೇಲೆ ದಾರ, ಮೇಲೊಂದು ಪ್ಲಾಸ್ಟಿಕ್ ಕವರು.

"ಏನಪ್ಪಾ ಇದು?"

"ಮಸಾಲೆ ಪುಡಿ."

"ಮಸಾಲೆ ಪುಡಿ ಇಲ್ಲೂ ಸಿಗತ್ತಲ್ಲಪ್ಪಾ!"

"ನಿನ್ನಮ್ಮ ಮಾಡಿಟ್ಟಿದ್ದು. ಕಡೇದು."

ಆಕೆ ಏನು ಅಂತ ಕೇಳ್ತಿದ್ರು. ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಕೊತ್ತಂಬರಿ, ಮೆಣಸು, ಒಣಮೆಣಸಿನಕಾಯಿ, ಚಕ್ಕೆ, ಎಲ್ಲಾ ಹುರಿದು ಬೀಸಿದ್ದು, ಇಡೀ ಬೀಜ ಯಾವುದೂ ಇಲ್ಲ. ಡಬ್ಬಿ ತೆಗೆದು, ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡಿದ್ರು. ಅಪ್ಪ ಆಗಲೂ ಮರಸು ಕೂತವನ ಹಾಗೆಯೇ ನಿಂತಿದ್ದ, ಉಸಿರೂ ಕೇಳ್ತಿರಲಿಲ್ಲ. ಮುಚ್ಚಳ ಹಾಕಿ ವಾಪಸ್ ಕೊಟ್ರು. ಹೋದ್ರೆ ಹೋಗ್ಲಿ ಬೇರೆ ತಗೊಂಡ್ರಾಯ್ತು ಅಂತ ನಾನು ಸಿಂಗಾಪುರದಲ್ಲಿ ಅಂದಿದ್ದು ನೆನಪಾಯ್ತು. ಟ್ಯಾಕ್ಸಿಯಲ್ಲಿ ಕ್ಷಮೆ ಕೇಳೋಣ ಅಂದ್ಕೊಂಡೆ. ನಮ್ಮ ಮನೆಯಲ್ಲಿ ಅದೆಲ್ಲ ಅಭ್ಯಾಸ ಇಲ್ಲ.

ನಾನಿರೋದು ಬ್ಲೇರ್ ಅಥಾಲ್. ಅಡಿಲೇಡಿನ ಉತ್ತರಕ್ಕೆ ಸಿಗೋ ಸಾಧಾರಣ ಬಡಾವಣೆ. ಒಂದು ಕಡೆ ಕಾರು ಮಾರೋ ಅಂಗಡಿಗಳ ಮೇನ್ ನಾರ್ತ್ ರಸ್ತೆ, ಇನ್ನೊಂದು ಕಡೆ ಅಫ್ಘಾನಿ ರೊಟ್ಟಿ ಸಿಗೋ ಪ್ರಾಸ್ಪೆಕ್ಟ್ ರಸ್ತೆ. ಇದೇ ಹೆಸರಿನ ಮೂಲ ಊರು ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿದೆ, ಅದು ಜಿಂಕೆ ಬೇಟೆಗೆ ಹೆಸರಾದ ಸೀಮೆ. ನಮ್ಮ ಬ್ಲೇರ್ ಅಥಾಲಿನಲ್ಲಿ ಸಿಗೋ ವನ್ಯಮೃಗ ಅಂದ್ರೆ ಪಕ್ಕದ ಮನೆ ಬೆಕ್ಕು.

ಮನೆಗೆ ಬಂದು ಕಾಲುಚೀಲ ಬಿಚ್ಚಿದ್ರೆ ಪಾದ ಬಾತಿದೆ. ಹೆಬ್ಬೆರಳಲ್ಲಿ ಒತ್ತಿದ್ರೆ ಗುಳಿ ಹಾಗೇ ನಿಲ್ಲತ್ತೆ. ನಾನು ಅಪ್ಪನ ಮೇಲೆ ಕೂಗಾಡಿದೆ. ಏಳು ಅಂದ್ರೆ ಏಳಲಿಲ್ಲ, ಕುಡಿ ಅಂದ್ರೆ ಕುಡೀಲಿಲ್ಲ ಅಂತ. ಹತ್ತಿರದ ಡಾಕ್ಟರ ಹತ್ತಿರ ಕರ್ಕೊಂಡು ಓಡಿದೆ. ಅವರು ಎರಡೂ ಕಾಲನ್ನ ಟೇಪಿನಲ್ಲಿ ಅಳೆದು, ಒತ್ತಿ, ಎರಡೂ ಒಂದೇ ಸಮ ಬಾತಿದೆ, ನೋವಿಲ್ಲ, ಬಿಸಿ ಇಲ್ಲ, ಬರೀ ನೀರು ಇಳಿದಿರೋದು ಅಂದ್ರು. ಒಂದೇ ಕಾಲು ಬಾತು ಮೀನಖಂಡ ನೋವು ಬಂದ್ರೆ, ಉಸಿರು ಕಟ್ಟಿದ್ರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ ಅಂದ್ರು. ಎರಡು ದಿನದಲ್ಲಿ ಇಳೀತು. ಆ ಎರಡು ದಿನ ರಾತ್ರಿ ನಾನು ನಾಲ್ಕು ನಾಲ್ಕು ಸಲ ಎದ್ದು ಹೋಗಿ ಉಸಿರು ಕೇಳಿ ಬಂದಿದ್ದೀನಿ.

ಇನ್ನೊಂದು ಸಮಸ್ಯೆ ನಿದ್ದೆ. ಊರಲ್ಲಿ ಐದಕ್ಕೆ ಏಳೋ ಅಪ್ಪ ಇಲ್ಲಿ ಒಂಬತ್ತಕ್ಕೆ ಎದ್ದ. ಜುಲೈನಲ್ಲಿ ಅಡಿಲೇಡು ನಮಗಿಂತ ನಾಲ್ಕು ಗಂಟೆ ಮುಂದೆ, ದೇಹದ ಗಡಿಯಾರ ಇನ್ನೂ ಎನ್.ಆರ್.ಪುರದಲ್ಲೇ ಇತ್ತು. ಆದ್ರೆ ಅಪ್ಪನಿಗೆ ಅದು ಮರ್ಯಾದೆ ಪ್ರಶ್ನೆ. "ಒಂಬತ್ತು ಗಂಟೆ ತನಕ ಮಲಗೋದಾ!" ಶಿಕಾರಿಗೆ ಬೆಳಗಿನ ಜಾವ ಐದಕ್ಕೆ ಹೊರಡಬೇಕು. ಕ್ವೀನ್ಸ್‌ಲ್ಯಾಂಡು ಇನ್ನೂ ಅರ್ಧ ಗಂಟೆ ಮುಂದೆ. ಅಂದ್ರೆ ಊರಿನ ರಾತ್ರಿ ಹನ್ನೆರಡೂವರೆ. ಅದಕ್ಕೇ ನಡುವೆ ನಾಲ್ಕು ದಿನ ಇಟ್ಟಿದ್ದೆ. ದಿನಾ ಎಬ್ಬಿಸೋ ಸಮಯ ಒಂದೊಂದು ಗಂಟೆ ಹಿಂದಕ್ಕೆ, ಎದ್ದ ಕೂಡಲೇ ಬಿಸಿಲಿಗೆ. ಶೀಟಿನಲ್ಲಿ ಕೆಲಸ ಮಾಡಿದ್ದು ಇದೊಂದೇ ಸಾಲು.

ಅಡಿಲೇಡಿನಿಂದ ಬ್ರಿಸ್ಬೇನ್, ಅಲ್ಲಿಂದ ಟೌನ್ಸ್‌ವಿಲ್. ಬ್ರಿಸ್ಬೇನಿನಲ್ಲಿ ವಿಮಾನ ಬದಲಾಯಿಸುವಾಗ ಅಪ್ಪ ನನಗಿಂತ ಮುಂದೆ. ಎರಡು ಲೋಟ ನೀರು ಕುಡಿದು "ಸಾಕಾ?" ಅಂತ ಕೇಳಿದ. ಅಣಕವೋ ಏನೋ ಗೊತ್ತಾಗ್ಲಿಲ್ಲ.

ಶಿಕಾರಿ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲ ದಿನ ಏನೂ ಸಿಗಲಿಲ್ಲ, ಸಾಹೇಬ ಜೀಪಲ್ಲಿ ಸುತ್ತಿಸಿದ. ಎರಡನೇ ದಿನ ಒಣಗಿದ ತೊರೆ ಪಕ್ಕ ನಡೀತಿದ್ದಾಗ ಅಪ್ಪ ಒಂದು ಮುಳ್ಳು ಮರದ ಕೆಳಗೆ ನಿಂತುಬಿಟ್ಟ. "ಇದು ಬೋರೆ ಹಣ್ಣಲ್ವೇನೋ!" ಹೌದು, ಬೋರೆ. ಇಲ್ಲಿ ಅದಕ್ಕೆ ಚೈನೀ ಆಪಲ್ ಅಂತಾರೆ, ಅದೂ ಹೊರಗಿಂದ ಬಂದು ಹರಡಿದ ಕಳೆ ಅಂದ ಸಾಹೇಬ. ಆಚೆ ಲಂಟಾನ ಬೇರೆ. "ನಮ್ಮೂರಿನ ಕಾಟ ಎಲ್ಲ ಇಲ್ಲೇ ಇದ್ಯಲ್ಲೋ" ಅಂತ ಅಪ್ಪ ಒಂದು ಹಣ್ಣು ಬಾಯಿಗೆ ಹಾಕ್ಕೊಂಡ. ಕೆಳಗೆ ಗೊರಸಿನ ಗುರುತು, ಹಿಕ್ಕೆ. ಒಂದು ಚಿಟಿಕೆ ಮಣ್ಣು ಎತ್ತಿ ಬಿಟ್ಟು ಗಾಳಿ ನೋಡಿ, ಇಲ್ಲಿ ಅಂತ ಕೈ ತೋರಿಸಿದ. ಸಾಹೇಬ ಮರುಮಾತಿಲ್ಲದೆ ಕೂತ.

ಎರಡು ಗಂಟೆ. ಹದಿನೈದು ನಿಮಿಷಕ್ಕೇ ನನ್ನ ಕಾಲು ಜೋಮು ಹಿಡೀತು. ಅಲ್ಲಾಡಿದ್ರೆ ಅಪ್ಪ ಕಣ್ಣಲ್ಲೇ ಗದರಿಸ್ತಿದ್ದ. ಕೊನೆಗೆ ಹಿಂಡು ಬಂತು. ಮುಂದೆ ಹೆಣ್ಣು, ಮರಿ. ಸಾಹೇಬನ ಮೊಣಕೈ ಮೇಲೆ ಅಪ್ಪನ ಎರಡು ಬೆರಳು. ತಡಿ ಅಂತ. ಆಮೇಲೆ ಒಂದು ಗಂಡು, ಅಡ್ಡಕ್ಕೆ ನಿಂತಾಗ ಬೆರಳು ತೆಗೆದ. ಒಂದೇ ಈಡು.

ಉಳಿದವು ಚದುರಿ, ದೂರ ಹೋಗಿ ನಿಂತು, ಗಟ್ಟಿಯಾಗಿ ಕೂಗೋಕೆ ಶುರು ಮಾಡಿದ್ವು. ಅಪ್ಪ ಕಿವಿಗೊಟ್ಟು ಕೇಳ್ತಾ ನಿಂತ. "ಹುಲಿ ಕಂಡ್ರೆ ಹೀಗೇ ಕೂಗೋದು. ಇಲ್ಲಿ ಹುಲಿ ಇಲ್ಲ ಅಂತ ಇವಕ್ಕೆ ಇನ್ನೂ ಗೊತ್ತಿಲ್ವಲ್ಲೋ" ಅಂದ. ಬಿದ್ದಿದ್ದರ ಹತ್ತಿರ ಹೋಗಿ ಕೂತು ಕುತ್ತಿಗೆ ಮೇಲೆ ಕೈ ಇಟ್ಟ. ಐವತ್ತೆರಡು ವರ್ಷ ಆಯ್ತು ಮುಟ್ಟಿ ಅಂದ. ಸಾಹೇಬ ಬೆನ್ನು ತಟ್ಟಿದ್ದಕ್ಕೆ ಸುಮ್ನೆ ತಲೆ ಆಡಿಸಿದ. ಖುಷಿಯೋ ಬೇಸರವೋ, ನಾನು ಕೇಳಲಿಲ್ಲ.

ರಾತ್ರಿ ಅಡುಗೆ ಅಪ್ಪನದ್ದೇ. ಟೌನ್ಸ್‌ವಿಲ್‌ನಲ್ಲಿ ತಗೊಂಡ ತೆಂಗಿನಕಾಯಿ, ಈರುಳ್ಳಿ, ಅಕ್ಕಿ ಹಿಟ್ಟು. ಡಬ್ಬಿ ಬಿಚ್ಚಿದ್ರೆ ಪುಡಿಯ ಘಮ ಅರ್ಧ ಹೋಗಿತ್ತು, ಒಂಬತ್ತು ತಿಂಗಳಾಗಿತ್ತಲ್ಲ. ಎರಡು ಚಮಚ ಹಾಕಿ ಸ್ವಲ್ಪ ಉಳಿಸ್ಕೊಳ್ತಾನೆ ಅಂದ್ಕೊಂಡಿದ್ದೆ. ಅಪ್ಪ ಡಬ್ಬಿ ಬೋರಲು ಹಾಕಿ ಹಿಂದೆ ತಟ್ಟಿದ. ಸಾಹೇಬನ ಅಕ್ಕ, ಭಾವ, ಅವರ ಮಕ್ಕಳು ಎಲ್ಲ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಅಕ್ಕಿ ರೊಟ್ಟಿ ಜೊತೆ ತಿಂದ್ರು. ನಾನು ಪಾತ್ರೆ ತೊಳೆಯೋಕೆ ನಿಂತಾಗ ಅಪ್ಪ ಬಂದು ಆ ಡಬ್ಬಿ ಮಾತ್ರ ಕೈಯಿಂದ ತಗೊಂಡ. "ಇದು ತೊಳೀಬೇಡ."

ಮೂರು ವಾರ ಇದ್ದು ಅಪ್ಪ ಒಬ್ಬನೇ ವಾಪಸ್ ಹೋದ. ನನಗೆ ರಜೆ ಉಳಿದಿರಲಿಲ್ಲ. ಮರುದಿನ ಬೆಂಗಳೂರಿನಿಂದ ಫೋನ್ ಬಂತು. ನಾನು ಕೇಳೋ ಮುಂಚೆನೇ "ಆರು ಸಲ ಎದ್ದೆ. ಪಕ್ಕದಲ್ಲಿ ದಾವಣಗೆರೆಯವರು ಇದ್ರು, ಮಗಳ ಬಾಣಂತನಕ್ಕೆ ಬಂದಿದ್ರಂತೆ, ಅಳಿಯಂದು ಹೋಟೆಲು" ಅಂತ ವರದಿ ಒಪ್ಪಿಸಿದ. ಡಬ್ಬಿಯನ್ನ ಈ ಸಲ ಕೈಚೀಲದಲ್ಲೇ ಇಟ್ಕೊಂಡಿದ್ದನಂತೆ. ಅಡಿಲೇಡಿನ ತಪಾಸಣೆಯಲ್ಲಿ ಅದನ್ನ ಹೊರಗೆ ತೆಗೆಸಿದ್ರಂತೆ.

"ಖಾಲಿ ಅಂತ ಹೇಳಿದ್ಯಾ?"

"ನಂಗೆಲ್ಲಿ ಇಂಗ್ಲಿಷ್ ಬರ್ತದೆ? ಅವನೇ ಮುಚ್ಚಳ ತೆಗೆದ. ಒಳಗೆ ಎಂಥದೂ ಇಲ್ಲ. ಹತ್ರ ಹಿಡಿದು ಮೂಸಿದ ನೋಡು..." ಅಪ್ಪ ನಗೋಕೆ ಶುರು ಮಾಡಿದ್ದ. "ಮೂರು ಸಲ ಸೀನಿದ ಮಾರಾಯ!"